ಚೀಟಿ ಬಂದಿದ್ದು ಮೊಮ್ಮಗನಿಗೆ

ಜುಲೈನಲ್ಲಿ ಶಿವಮೊಗ್ಗದ ವಾಕಿಂಗ್ ಗುಂಪುಗಳು ನಡೆಯುವುದಿಲ್ಲ, ಕೂರುತ್ತವೆ. ನಮ್ಮದೂ ಅಷ್ಟೇ. ಜಡಿಮಳೆ ಹಿಡಿದಿತ್ತು. ದುರ್ಗಿಗುಡಿಯ ಹೋಟೆಲಿನಲ್ಲಿ ಕಾಫಿ, ಬಿಸಿ ಬೋಂಡಾ ಮುಂದಿಟ್ಟುಕೊಂಡು ಆರೋಗ್ಯದ ಮಾತಿಗೆ ಕೂತಿದ್ದೆವು.

ಶುರು ಮಾಡಿದ್ದು ಅಡಿಕೆ ರಾಯರು. ಐದನೇ ಕ್ಲಾಸಿನ ಮೊಮ್ಮಗನಿಗೆ ತೂಕ ಜಾಸ್ತಿ, ಡಾಕ್ಟರಿಗೆ ತೋರಿಸಿ ಅಂತ ಶಾಲೆಯವರು ಚೀಟಿ ಕಳಿಸಿದ್ದರಂತೆ.

"ಮಗು ಮೈಕೈ ತುಂಬಿಕೊಂಡಿದ್ರೆ ಅದೂ ಕಾಯಿಲೆಯಾ ಮಾರಾಯ್ರೆ? ನಮ್ಮನೆಯವಳು ಚೀಟಿ ನೋಡಿದ್ದೇ ಮೊದಲು ದೃಷ್ಟಿ ತೆಗೆದಳು."

"ಆಮೇಲೆ?" ಅಂದರು ಪೀಟಿ ಮೇಷ್ಟ್ರು.

"ಆಮೇಲೇನು, ಪಾಪ ಹೆದರಿದ್ದ. ತುಪ್ಪ ಹಾಕಿ ಎರಡು ಕಡುಬು ಕೊಟ್ಟಳು."

ಮೆಡಿಕಲ್ ಶಾಪಿನವನು ಬೋಂಡಾ ಕೆಳಗಿಟ್ಟ. "ರಾಯರೇ, ಕಣ್ಣಳತೆಯಲ್ಲಿ ಹೇಳೋದಲ್ಲ ಅದು. ಮಕ್ಕಳದ್ದು ವಯಸ್ಸು, ಎತ್ತರ, ತೂಕ, ಹುಡುಗನೋ ಹುಡುಗಿಯೋ, ಎಲ್ಲ ನೋಡಿ ಚಾರ್ಟ್ ಹಿಡಿದು ಹೇಳ್ತಾರೆ. ದಿನಕ್ಕೆ ಏನೇನು ತಿಂತಾನೆ?"

ರಾಯರು ಬೆರಳು ಮಡಚತೊಡಗಿದರು. ಬೆಳಿಗ್ಗೆ ದೋಸೆ. ಡಬ್ಬಿಯಲ್ಲಿ ಮೂರು ಖಾನೆ: ಒಂದರಲ್ಲಿ ಕ್ರೀಮ್ ಬಿಸ್ಕತ್ತು, ಒಂದರಲ್ಲಿ ನೂಡಲ್ಸ್, ಮೂರನೆಯದರಲ್ಲಿ ಚಪಾತಿ ಪಲ್ಯ. ಚಪಾತಿ ಹೋದ ಹಾಗೇ ವಾಪಸ್ ಬರುತ್ತದೆ. ಸಂಜೆ ಅಮ್ಮ ಚಿಪ್ಸ್ ಕೊಡುತ್ತಾಳೆ. ಅದು ಗೊತ್ತಿಲ್ಲದ ಅಜ್ಜಿ ಅಕ್ಕಿರೊಟ್ಟಿ ಕೊಡುತ್ತಾಳೆ. ಎರಡೂ ಗೊತ್ತಿರುವ ಅಜ್ಜ ಜ್ಯೂಸ್ ಕೊಡಿಸುತ್ತಾರೆ.

ಒಂದು ಮಗು, ನಾಲ್ಕು ಜನ ದೊಡ್ಡವರು. ಎಲ್ಲರೂ ಕೇಳುವುದು ಒಂದೇ: ಏನು ತಿಂದೆ? ಎಲ್ಲಿ ಓಡಿದೆ ಅಂತ ಯಾರೂ ಕೇಳುವುದಿಲ್ಲ.

"ಆ ಜ್ಯೂಸು, ಕೋಲಾ ಕೊಡಿಸೋದು ಬಿಡಿ. ಕೋಲಾ 300 ಮಿಲಿ ಕುಡಿದ್ರೆ 30 ಗ್ರಾಂ ಸಕ್ಕರೆ ದಾಟುತ್ತೆ. ಆರೇಳು ಚಮಚ ಆಯ್ತಲ್ಲ?" ಅಂದ ಮೆಡಿಕಲ್ ಶಾಪಿನವನು.

"ಶಾಲೆಯಲ್ಲಿ ಆಡ್ತಾನಲ್ಲ, ಕರಗುತ್ತೆ" ಅಂದರು ರಾಯರು.

ಮೇಷ್ಟ್ರಿಗೆ ಅದು ಗಾಯಕ್ಕೆ ಉಪ್ಪು. "ಎಲ್ಲಿ ಆಡ್ತಾನೆ? ಮಕ್ಕಳು ದಿನಾ 60 ನಿಮಿಷ ಮೈಬಗ್ಗಿಸಿ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನನ್ನ ಪೀರಿಯಡ್ ಬಂತು ಅಂದ್ರೆ ಗಣಿತದ ಮೇಡಂ ಬಾಗಿಲಲ್ಲಿ. 'ಸರ್, ಪೋರ್ಷನ್ ಮುಗಿದಿಲ್ಲ.' ಚೆಂಡು ಬೀರುವಿನಲ್ಲಿ, ಬೀಗದ ಕೈ ಹೆಡ್‌ಮಾಸ್ಟರ ಹತ್ರ. ಇನ್ನೂ ಒಂದು ಕೇಳಿ. ಮಗ್ಗಿ ಸರಿ ಹೇಳಿದವನಿಗೆ ಚಾಕಲೇಟು, ತಪ್ಪಿದವನಿಗೆ ಗ್ರೌಂಡ್ ಸುತ್ತು ಹೊಡಿಯೋ ಶಿಕ್ಷೆ. ಓಡೋದು ಶಿಕ್ಷೆ ಅಂತ ಕಲಿಸಿದವರೇ ನಾವು."

ನನಗನ್ನಿಸುವುದು, ಇಡೀ ಹರಟೆಯಲ್ಲಿ ತೂಕದ ಮಾತು ಇದೊಂದೇ.

ಮೂಲೆಯಲ್ಲಿದ್ದ ಬೇಕರಿಯವನು ಸುಮ್ನೆ ಕೂತಿದ್ದ. ಎಲ್ಲರ ಕಣ್ಣು ಅವನ ಕಡೆ ತಿರುಗಿತು.

"ನನ್ನ ನೋಡಬೇಡಿ. 2020ರ ನಿಯಮ ನಂಗೂ ಗೊತ್ತು. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋದನ್ನ ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರೋ ಹಾಗಿಲ್ಲ. ಟೇಪ್ ಹಿಡಿದು ಅಳೆದಿದೀನಿ. ನಂದು 52."

"ಪರವಾಗಿಲ್ಲ, ಆ 2 ಮೀಟರ್ ಹುಡುಗರಿಗೆ ವ್ಯಾಯಾಮ" ಅಂದರು ಮೇಷ್ಟ್ರು.

ರಾಯರಿಗೆ ನಗು ಬರಲಿಲ್ಲ. "ನಾವು ಸಂಕ ದಾಟಿ, ಗುಡ್ಡ ಹತ್ತಿ ಶಾಲೆಗೆ ಹೋದವರು. ಇವನಿಗೆ ಅಂಗಳಕ್ಕೇ ವ್ಯಾನ್ ಬರುತ್ತೆ. ನಾಳೆಯಿಂದ ಊಟ ಅರ್ಧ ಮಾಡಿಸ್ತೀನಿ."

"ಅಯ್ಯೋ, ಬೆಳೆಯೋ ಹುಡುಗನನ್ನ ಉಪವಾಸ ಕೆಡವಬೇಡಿ" ಅಂದ ಮೆಡಿಕಲ್ ಶಾಪಿನವನು. "ತೂಕ ಏರೋದು ನಿಧಾನವಾದ್ರೆ ಎಷ್ಟೋ ಮಕ್ಕಳಿಗೆ ಸಾಕು, ಎತ್ತರ ಬೆಳೀತಾ ಸರಿಹೋಗುತ್ತೆ. ಎಷ್ಟು ಏನು ಅಂತ ಡಾಕ್ಟ್ರೇ ಹೇಳಲಿ. ಮೊದಲು ಮನೆಗೆ ಚಿಪ್ಸು, ಜ್ಯೂಸು ತರೋದು ನಿಲ್ಲಿಸಿ. ಅವನೊಬ್ಬನಿಗೆ ಬೇರೆ ಅಡುಗೆ ಬೇಡ, ಮನೆಯವರೆಲ್ಲ ಒಂದೇ ಊಟ ಮಾಡಿ. ಸಂಜೆ ಎಲ್ಲರೂ ನಡೀರಿ."

"ಎಲ್ಲರೂ ಅಂದ್ರೆ? ನಾನೂನಾ?"

"ನೀವೇ ಮೊದಲು."

ರಾಯರು ಇನ್ನೊಂದು ಬೋಂಡಾಕ್ಕೆ ಕೈ ಹಾಕಿದರು. "ಚೀಟಿ ಬಂದಿದ್ದು ಅವನಿಗೆ ಮಾರಾಯ್ರೆ, ನನಗಲ್ಲ."