ಬಲ್ಬ್ ಗಿಡದ ಎಲೆ ಒಂದೊಂದೇ ಕರಗ್ತಿದೆ, ಅರ್ಜೆಂಟ್

ಹೊಸತೊಟ್ಟಿ:
ತಲೆ ಕೆಟ್ಟುಹೋಗಿದೆ. ಅಕ್ವೇರಿಯಂ ತೊಟ್ಟೀಲಿ ಅಂಗಡಿಯಿಂದ ತಂದ ಬಲ್ಬ್ (ಗಡ್ಡೆ) ನೆಟ್ಟಿದ್ದೆ. ಎಷ್ಟು ಚೆನ್ನಾಗಿ ಬಂತು ಅಂದ್ರೆ, ಎಲೆ ನೀರಿನ ಮಟ್ಟ ಮುಟ್ಟಿ ಮಡಚಿಕೊಂಡಿತ್ತು, ಹೂವೂ ಬಿಟ್ಟಿತ್ತು. ಈಗ ಒಂದೊಂದೇ ಎಲೆ ತುದಿಯಿಂದ ಪಾರದರ್ಶಕ ಆಗ್ತಾ ಬರುತ್ತೆ, ಮುಟ್ಟಿದ್ರೆ ಲೋಳೆ, ನರ ಮಾತ್ರ ಕೈಗೆ ಸಿಗುತ್ತೆ. ಹೊಸ ಎಲೆ ಇಲ್ಲ. ಲೈಟ್ ಸರಿ ಇದೆ, ಗೊಬ್ಬರ ಹಾಕ್ತಿದೀನಿ, ಮೀನೆಲ್ಲ ಆರಾಮಾಗಿವೆ. ಕಿತ್ತು ಬಿಸಾಕ್ಲಾ?

ಹಸಿರುಗಾಜು:
ಸಿಒಟು (ಗಿಡಕ್ಕಂತ ನೀರಿಗೆ ಬಿಡೋ ಕಾರ್ಬನ್ ಡೈಆಕ್ಸೈಡ್) ಇದೆಯಾ? ಇಲ್ಲ ಅಂದ್ರೆ ಅದೇ ಕಾರಣ. ನೀರಲ್ಲಿ ಸಿಒಟು ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಡ್ರಾಪ್ ಚೆಕರ್ ಹಸಿರಾಗೋ ತನಕ ಗ್ಯಾಸ್ ಬಿಡಿ, ಸರಿಹೋಗುತ್ತೆ.

ಕೆರೆದಂಡೆ:
ಯಾವ ಗಿಡ ಅಂತ್ಲೇ ಹೇಳಿಲ್ವಲ್ಲ. ಅಪೊನೊಜೆಟನ್, ಟೈಗರ್ ಲೋಟಸ್, ಕ್ರೈನಮ್ ಎಲ್ಲವನ್ನೂ ಬಲ್ಬ್ ಅಂತಲೇ ಮಾರ್ತಾರೆ. ತಳಕ್ಕೆ ಏನು ಹಾಕಿದೀರಾ? ಗಡ್ಡೆ ಪೂರ್ತಿ ಹೂತಿದೀರಾ?

ಹೊಸತೊಟ್ಟಿ:
ಪ್ಯಾಕೆಟ್ ಮೇಲೆ ಹೆಸರಿಲ್ಲ. ತಿಳಿಹಸಿರು, ತಿರುಚಿಕೊಂಡ ಎಲೆ, ಅಂಚೆಲ್ಲ ಅಲೆಅಲೆ. ಹೂವಿನ ದಂಟು ಒಂದೇ, ತುದಿಯಲ್ಲಿ ಎರಡು ಕವಲು. ಸಣ್ಣ ಜಲ್ಲಿ, ಬೋರ್ ನೀರು. ಸಿಒಟು ಇಲ್ಲ.

ಹಸಿರುಗಾಜು:
ನೋಡಿ, ಸಿಒಟು ಇಲ್ಲ! ಅದರ ಮೇಲೆ ಬೋರ್ ನೀರು ಬೇರೆ. ಮೊದಲು ಆರ್‌ಒ ನೀರಿಗೆ ಬದಲಾಯಿಸಿ.

ಗಪ್ಪಿಪ್ರಿಯ:
ಬೋರ್ ನೀರಿಗೆ ಯಾಕೆ ಬೈತೀರಾ? ನಮ್ಮ ಬೋರ್ ನೀರಲ್ಲೇ ವ್ಯಾಲಿಸ್ನೇರಿಯಾ (ಹುಲ್ಲಿನಂಥ ನೀರುಗಿಡ) ಕಾಡಿನ ಥರ ಬೆಳೆದಿದೆ.

ಹಸಿರುಗಾಜು:
ವ್ಯಾಲಿಸ್ನೇರಿಯಾ ಗಡಸು ನೀರಲ್ಲೂ ಬದುಕುತ್ತೆ, ಅದನ್ನ ಇದಕ್ಕೆ ಹೋಲಿಸಬೇಡಿ. ನನ್ನ ನಾಲ್ಕಡಿ ತೊಟ್ಟೀಲಿ ಆಕ್ವಾಸಾಯಿಲ್ (ನೀರುಗಿಡದ ಮಣ್ಣು), ಸೊಲೆನಾಯ್ಡ್ (ಕರೆಂಟಿನ ವಾಲ್ವ್) ಹಾಕಿದ ಸಿಒಟು ಸಿಲಿಂಡರ್, ನೀರು ತಂಪು ಮಾಡೋ ಚಿಲ್ಲರ್ ಎಲ್ಲಾ ಇದೆ. ಜಾಲರಿ ಎಲೆಯ ಅಪೊನೊಜೆಟನ್ ಮಡಗಾಸ್ಕರಿಯೆನ್ಸಿಸ್ ಇಟ್ಟಿದೀನಿ. ಸಂಜೆ ಫೋಟೋ ಹಾಕ್ತೀನಿ.

ಕೆರೆದಂಡೆ:
ಫೋಟೋ ಆಮೇಲೆ ನೋಡೋಣ. ನಿಮ್ಮದು ಅಪೊನೊಜೆಟನ್ನೇ, ಆದ್ರೆ ಕವಲೊಡೆದ ಹೂವು ಅಂದ್ರೆ ಅದರಲ್ಲಿ ಕ್ರಿಸ್ಪಸ್ ಅನ್ನೋ ಬಗೆ ಅಲ್ಲ, ಅದಕ್ಕೆ ಒಂಟಿ ತೆನೆ. ಎಲೆ ನೋಡಿದ್ರೆ ಮಡಗಾಸ್ಕರ್‌ನ ಅಲ್ವೇಸಿಯಸ್ ಅನ್ನೋ ಬಗೆ ಇರಬೇಕು, ಅದು ಸಿಒಟು ಇಲ್ಲದೆಯೂ ಬೆಳೆಯುತ್ತೆ. ಚೆನ್ನಾಗಿ ಬೆಳೆದು, ಹೂ ಬಿಟ್ಟು, ಎಲ್ಲ ಎಲೆ ಉದುರಿಸಿ ಗಡ್ಡೆಯೊಳಗೆ ಮಲಗೋದು ಅದರ ಸ್ವಭಾವ. ನಮ್ಮ ಪಶ್ಚಿಮ ಘಟ್ಟದಲ್ಲೂ ಇಂಥದ್ದಿದೆ. ಸಾತಾರದ ಕಾಸ್ ಪ್ರಸ್ಥಭೂಮೀಲಿ ಬೆಳೆಯೋ ಸತಾರೆನ್ಸಿಸ್ ಮಳೆಗಾಲದಲ್ಲಿ ಮಾತ್ರ ಎಲೆ ಬಿಡುತ್ತೆ, ನೀರು ಆರಿದ ಮೇಲೆ ಗಡ್ಡೆ ಮಣ್ಣಲ್ಲೇ ಇರುತ್ತೆ. ನಿಮ್ಮದನ್ನ ಹೊರಗೆ ತೆಗೆದು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ರೆ ಜೀವ ಇದೆ. ಮೆತ್ತಗಾಗಿ ನಾತ ಹೊಡೀತಿದ್ರೆ ಕೊಳೆತಿದೆ.

ಹೊಸತೊಟ್ಟಿ:
ತೆಗೆದೆ. ಮೇಲ್ಭಾಗ ಕಲ್ಲಿನಷ್ಟು ಗಟ್ಟಿ. ಜಲ್ಲಿಯೊಳಗೆ ಹೂತಿದ್ದ ಕೆಳಬದಿ ಮೆತ್ತಗೆ, ಕಪ್ಪಾಗಿದೆ, ಕೊಳೆತ ಮೊಟ್ಟೆ ವಾಸನೆ. ಅಲ್ಲಲ್ಲಿ ಬಿಳಿ ಬೂಷ್ಟು.

ಕೆರೆದಂಡೆ:
ಬೂಷ್ಟಿಗೆ ಹೆದರಬೇಡಿ, ಉಜ್ಜಿ ತೊಳೀರಿ. ಮೆತ್ತಗಿರೋದನ್ನೆಲ್ಲ ಹೊಸ ಬ್ಲೇಡಲ್ಲಿ ಬಿಳಿ ತಿರುಳು ಕಾಣೋವರೆಗೆ ಕೊಯ್ದು ತೆಗೀರಿ. ಆಮೇಲೆ ಒದ್ದೆ ಮರಳಲ್ಲಿ ಎರಡು ತಿಂಗಳು ತಂಪಾದ ಕಡೆ ಇಡಿ. ಮತ್ತೆ ನೆಡುವಾಗ ಅರ್ಧ ಗಡ್ಡೆ ಮೇಲೇ ಇರಲಿ, ಪಕ್ಕದಲ್ಲಿ ರೂಟ್ ಟ್ಯಾಬ್ (ಬೇರಿನ ಹತ್ತಿರ ಹೂಳೋ ಗೊಬ್ಬರದ ಮಾತ್ರೆ) ಹಾಕಿ. ಇವು ಊಟ ಮಾಡೋದು ಬೇರಿಂದ.

ಗಪ್ಪಿಪ್ರಿಯ:
ಹೊರಗೆ ತೆಗೆಯೋದೇ ಬೇಡ. ನಾನು ತೊಟ್ಟಿಯಲ್ಲೇ ಬಿಡ್ತೀನಿ, ತಾನೇ ಚಿಗುರುತ್ತೆ.

ಕೆರೆದಂಡೆ:
ಗಡ್ಡೆ ಪೂರ್ತಿ ಗಟ್ಟಿ ಇದ್ದಾಗ ಆ ಮಾತು ಸರಿ. ಕೊಯ್ದ ಗಡ್ಡೆಯನ್ನ ಬೆಚ್ಚಗಿನ ನೀರಲ್ಲಿ ಬಿಟ್ರೆ ಕೊಳೆತ ಮುಂದುವರಿಯುತ್ತೆ.

ಮಲೆನಾಡುಮೀನು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕೆಂಪು ಟೈಗರ್ ಲೋಟಸ್ ತೇಲೋ ಎಲೆಗಳಿಂದಲೇ ಮೇಲೆಲ್ಲ ಮುಚ್ಚಿಬಿಟ್ಟಿದೆ, ಕೆಳಗೆ ಬೆಳಕೇ ಇಲ್ಲ.

ಗಪ್ಪಿಪ್ರಿಯ:
ಮೇಲಕ್ಕೆ ಹೊರಟ ದಂಟನ್ನ ಬುಡದಲ್ಲೇ ಕತ್ತರಿಸ್ತಾ ಇರಿ, ಆಮೇಲೆ ನೀರೊಳಗಿನ ಎಲೆಗಳೇ ಹೆಚ್ಚು ಬರ್ತವೆ.

ಹಸಿರುಗಾಜು:
ಲೋಟಸ್‌ಗೂ ಸಿಒಟು ಕೊಟ್ಟು ನೋಡಿ, ಬಣ್ಣ ಬರುತ್ತೆ. ಫೋಟೋ ಹಾಕಿದೀನಿ, ನೋಡಿ.

ಹೊಸತೊಟ್ಟಿ:
ಕೊಯ್ದು ಮರಳಲ್ಲಿ ಇಟ್ಟೆ. ಉಳಿದಿರೋದು ಅಡಿಕೆಯಷ್ಟು. ಮೊಳಕೆ ಬರೋ ಬದಿ ಯಾವುದು ಅಂತ ಈಗ ಗೊತ್ತಾಗ್ತಿಲ್ಲ. ಮಲಗಿಸಿ ಇಟ್ರೆ ನಡೆಯುತ್ತಾ?