ಯಾವುದ್ರಲ್ಲೂ ಖುಷಿನೇ ಇಲ್ಲ, ಇದು ಸೋಮಾರಿತನಾನಾ?

ಮುಂಚೆ ಎಲ್ಲಿ ಯಕ್ಷಗಾನ ಇದ್ರೂ ಓಡೋಗಿ ಬೆಳಗಿನ ಜಾವದವರೆಗೂ ಕೂತು ನೋಡ್ತಿದ್ದೆ, ಈಗ ಚೆಂಡೆ ಸದ್ದು ಕೇಳಿದ್ರೂ ಏನೂ ಅನ್ಸಲ್ಲ, ಊಟ ರುಚಿಸಲ್ಲ, ಬೆಳಿಗ್ಗೆ ಏಳೋಕೇ ಬೇಜಾರು. ಕೆಲಸ, ಮನೆ ಎಲ್ಲಾ ಸರಿಯಾಗೇ ಇದೆ. ಅಳುನೂ ಬರಲ್ಲ.

ಉತ್ತರ 1:
ಸೋಮಾರಿತನ ಅಲ್ಲ ಗುರು. 2 ವಾರಕ್ಕಿಂತ ಜಾಸ್ತಿ ಹೀಗೇ ಇದ್ರೆ ಡಿಪ್ರೆಶನ್ ಇರಬಹುದು, ಅಳು ಬರ್ಲೇಬೇಕು ಅಂತೇನಿಲ್ಲ. ಡಾಕ್ಟರ್ ಹತ್ರ ಹೋಗಿ, ಥೈರಾಯ್ಡ್, ವಿಟಮಿನ್ ಬಿ12 ಕೂಡ ಚೆಕ್ ಮಾಡ್ಸಿ, ಅದ್ರಿಂದ್ಲೂ ಹಿಂಗಾಗುತ್ತೆ.

ಉತ್ತರ 2:
ಒಂದ್ ಟ್ರಿಪ್ ಹೊಡ್ಕೊಂಡ್ ಬನ್ನಿ ಸಾರ್, ಎಲ್ಲಾ ಸರಿಹೋಗುತ್ತೆ 😄

ಉತ್ತರ 3:
ಮೇಲಿನವ್ರೇ, ನಂಗೂ ಹಿಂಗೇ ಹೇಳಿದ್ರು, ಕೊಡಚಾದ್ರಿ ತುದೀಲಿ ನಿಂತ್ರೂ ಒಳಗೆ ಅದೇ ಖಾಲಿ. 14416 ಟೆಲಿ ಮಾನಸ್‌ಗೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು, ರಾತ್ರಿನೂ ಇರುತ್ತೆ. ನಮ್ಮ ಕೌನ್ಸೆಲರ್ ಹೇಳಿದ್ದು, ಮನಸ್ಸು ಬರ್ಲಿ ಅಂತ ಕಾಯ್ಬೇಡಿ, ಚಿಕ್ಕದೇನಾದ್ರೂ ಮೊದ್ಲು ಮಾಡಿ, ಖುಷಿ ಹಿಂದಿಂದ ಬರುತ್ತೆ ಅಂತ. ನಾನಂತೂ ನಂಬಿರ್ಲಿಲ್ಲ, ಆದ್ರೂ ಸಂಜೆ ವಾಕಿಂಗ್ ಶುರು ಮಾಡ್ದೆ, ಮಾತ್ರೆನೂ ತಗೊಂಡೆ (ಅದು ಕೆಲಸ ಮಾಡೋಕೆ ಕೆಲವು ವಾರ ಬೇಕು, ಮಧ್ಯದಲ್ಲಿ ನೀವೇ ನಿಲ್ಲಿಸ್ಬೇಡಿ), ಒಂದಿನ ಕಾಫಿ ಘಮ ಚೆನ್ನಾಗಿದೆಯಲ್ಲ ಅನ್ನಿಸ್ತು ನೋಡಿ, ಅಲ್ಲಿಂದ ನಿಧಾನಕ್ಕೆ ದಾರಿಗೆ ಬಂತು.

ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ. ನಾಳೆ ಬ್ಲಡ್ ಟೆಸ್ಟ್‌ಗೆ ಹೋಗ್ತೀನಿ, ಖಾಲಿ ಹೊಟ್ಟೇಲಿ ಹೋಗ್ಬೇಕಾ?