ಜ್ಯೂರಿ ನಿರಾಕರಣೆ: ನ್ಯಾಯಾಧೀಶರ ತಪ್ಪೋ, ಅಧಿಕಾರವ್ಯಾಪ್ತಿಯ ಉಲ್ಲಂಘನೆಯೋ?

ಕಾರವಾರದ ಕಿರಿಯ ವಕೀಲ:
ಹಿರಿಯರಿಗೆ ನಮಸ್ಕಾರಗಳು. ಜ್ಯೂರಿಯ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಯ) ಹಕ್ಕುಳ್ಳ ಆರೋಪಿ ಅದನ್ನು ಕೇಳಿದರೂ ನ್ಯಾಯಾಧೀಶರು ನಿರಾಕರಿಸಿ ತಾವೇ ತೀರ್ಪು ಕೊಟ್ಟರೆ, ಅದು ಮೇಲ್ಮನವಿಯಲ್ಲಿ ತಿದ್ದಬಹುದಾದ ತಪ್ಪು ಮಾತ್ರವೇ, ಅಥವಾ ಅಧಿಕಾರವ್ಯಾಪ್ತಿಯನ್ನೇ ಮೀರಿದ್ದರಿಂದ ಆ ತೀರ್ಪು ಮೊದಲಿನಿಂದಲೇ ಶೂನ್ಯವೇ? ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲವೆಂಬುದು ಗೊತ್ತಿದೆ. ಅಮೆರಿಕದ ಡಂಕನ್ ಪ್ರಕರಣವನ್ನು (1968) ಓದುವಾಗ ಈ ಸಂದೇಹ ಬಂತು. ಎರಡು ವರ್ಷದವರೆಗೆ ಶಿಕ್ಷೆಯಾಗಬಹುದಾದ ಆರೋಪಕ್ಕೆ ಲೂಸಿಯಾನದಲ್ಲಿ ಜ್ಯೂರಿ ಕೊಡದಿದ್ದುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿ ತೀರ್ಮಾನವಾಯಿತು. ಅಂಥದ್ದನ್ನು ಬರೀ ‘ತಪ್ಪು’ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ಶಿರಸಿಯ ವಕೀಲ:
ಹಕ್ಕು ಎಷ್ಟು ದೊಡ್ಡದು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಆ ವಿಷಯವನ್ನು ಕೈಗೆತ್ತಿಕೊಳ್ಳುವ ಅಧಿಕಾರ ನ್ಯಾಯಾಲಯಕ್ಕೆ ಇತ್ತೇ ಎಂಬುದೇ ಮುಖ್ಯ. ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡುಜಾಗದ) ಗಡಿಯ ದಾವೆಯಲ್ಲಿ ಸಿವಿಲ್ ನ್ಯಾಯಾಧೀಶರು ಸಾಕ್ಷ್ಯವನ್ನು ತಪ್ಪಾಗಿ ತೂಗಿ ಡಿಕ್ರಿ ಕೊಟ್ಟರೆ ಅದು ತಪ್ಪು, ಆದರೆ ಮೇಲ್ಮನವಿಯಲ್ಲಿ ರದ್ದಾಗುವವರೆಗೆ ಅದಕ್ಕೆ ಬಲವಿದೆ. ಅದೇ ನ್ಯಾಯಾಧೀಶರು, 1974ರ ಮಾರ್ಚ್ 1ಕ್ಕೆ ಮೊದಲಿನಿಂದ ಒಬ್ಬರು ಗೇಣಿದಾರರಾಗಿದ್ದರೇ ಎಂಬುದನ್ನು, ಭೂಸುಧಾರಣಾ ಕಾಯ್ದೆಯ 133ನೇ ಕಲಮು ಅಡ್ಡ ಬಂದರೂ ಭೂನ್ಯಾಯ ಮಂಡಳಿಗೆ ಕಳಿಸದೆ ತಾವೇ ತೀರ್ಮಾನಿಸಿದರೆ, ಅದು ಅಧಿಕಾರ ಮೀರಿದ್ದು. ಮಲ್ಲಿಕಾರ್ಜುನ ವಿರುದ್ಧ ನರಹರಿ ಪ್ರಕರಣದಲ್ಲಿ (1900) ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ್ದೂ ಇದನ್ನೇ: ಸರಿಯಾಗಿ ತೀರ್ಮಾನಿಸಬಲ್ಲ ನ್ಯಾಯಾಲಯಕ್ಕೆ ತಪ್ಪಾಗಿ ತೀರ್ಮಾನಿಸುವ ಅಧಿಕಾರವೂ ಇದೆ. ಕೇಳುವುದಕ್ಕೆ ವಿಚಿತ್ರವೆನಿಸಿದರೂ, ಹಾಗಲ್ಲದಿದ್ದರೆ ಯಾವ ವ್ಯಾಜ್ಯವೂ ಮುಗಿಯುವುದಿಲ್ಲ.

ಕುಮಟಾದ ನಿವೃತ್ತ ಶಿರಸ್ತೇದಾರ:
ಈ ಪ್ರಶ್ನೆಗೆ ನಮ್ಮ ಹಳೆಯ ಕಾನೂನಿನಲ್ಲೇ ಉತ್ತರವಿತ್ತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಜಾರಿಯಲ್ಲಿದ್ದ 1898ರ ಸಂಹಿತೆಯ 536ನೇ ಕಲಮಿನ ಪ್ರಕಾರ, ಜ್ಯೂರಿಯ ಮುಂದೆ ನಡೆಯಬೇಕಾದ ವಿಚಾರಣೆ ಅಸೆಸರರ (ನ್ಯಾಯಾಧೀಶರಿಗೆ ಅಭಿಪ್ರಾಯವನ್ನಷ್ಟೇ ಕೊಡುವ ಸಾಮಾನ್ಯ ನಾಗರಿಕರ) ನೆರವಿನಿಂದ ನಡೆದುಹೋದರೂ ಆ ಒಂದೇ ಕಾರಣಕ್ಕೆ ಅದು ಅಸಿಂಧುವಾಗುತ್ತಿರಲಿಲ್ಲ. ನ್ಯಾಯಾಲಯ ತನ್ನ ನಿರ್ಣಯವನ್ನು ದಾಖಲಿಸುವ ಮೊದಲೇ ತಕರಾರು ಎತ್ತಿದ್ದರೆ ಮಾತು ಬೇರೆ. ಅಧಿಕಾರವೇ ಇಲ್ಲದಿದ್ದರೆ ಪಕ್ಷಕಾರರು ಸುಮ್ಮನಿದ್ದ ಮಾತ್ರಕ್ಕೆ ಅಧಿಕಾರ ಹುಟ್ಟಿಕೊಳ್ಳುವುದಿಲ್ಲವಷ್ಟೆ. ಮೌನದಿಂದ ಸರಿಹೋಗುವ ಲೋಪವನ್ನು ಶಾಸಕಾಂಗವು ಅಧಿಕಾರವ್ಯಾಪ್ತಿಯ ಲೋಪವೆಂದು ಎಣಿಸಿರಲಿಲ್ಲವೆಂದೇ ನಾನು ತಿಳಿಯುತ್ತೇನೆ.

ಕಾರವಾರದ ಕಿರಿಯ ವಕೀಲ:
ಧನ್ಯವಾದಗಳು, ರಾಯರೇ. ಆದರೆ ಜ್ಯೂರಿಯ ಹಕ್ಕಿನ ಬಗ್ಗೆಯೇ ಇದ್ದ ಅಮೆರಿಕದ ಬೀಕನ್ ಥಿಯೇಟರ್ಸ್ ಪ್ರಕರಣದಲ್ಲಿ (1959) ಮೇಲ್ಮನವಿಯವರೆಗೆ ಕಾಯದೆ, ನಡುವೆಯೇ ಮ್ಯಾಂಡಮಸ್ ಆದೇಶ (ಕರ್ತವ್ಯ ಮಾಡಲೇಬೇಕೆಂದು ಕೆಳ ನ್ಯಾಯಾಲಯಕ್ಕೆ ಮೇಲಿನ ನ್ಯಾಯಾಲಯ ಕೊಡುವ ಆಜ್ಞೆ) ಸಿಕ್ಕಿತಲ್ಲ?

ಶಿರಸಿಯ ವಕೀಲ:
ಆದೇಶ ಸಿಕ್ಕಿದ್ದು ನ್ಯಾಯಾಧೀಶರಿಗೆ ಅಧಿಕಾರವಿರಲಿಲ್ಲವೆಂದಲ್ಲ. ಅದು ಸಿವಿಲ್ ದಾವೆ. ಜ್ಯೂರಿ ನೋಡಬೇಕಾದ ಸಂಗತಿಗಳನ್ನು ನ್ಯಾಯಾಧೀಶರು ಮೊದಲೇ ತೀರ್ಮಾನಿಸಿಬಿಟ್ಟರೆ ಆಮೇಲೆ ಜ್ಯೂರಿಗೆ ಉಳಿಯುವುದೇನು? ತಡೆ ಬಂದದ್ದು ಅದಕ್ಕಾಗಿ. ಡಂಕನ್ ತೀರ್ಪಿನ ಮರುತಿಂಗಳೇ ಡಿಸ್ಟೆಫಾನೊ ಪ್ರಕರಣದಲ್ಲಿ ಅಮೆರಿಕದ ಅದೇ ಸುಪ್ರೀಂ ಕೋರ್ಟ್ ಡಂಕನ್ ನಿಯಮವನ್ನು ಹಿಂದೆ ನಡೆದ ವಿಚಾರಣೆಗಳಿಗೆ ಅನ್ವಯಿಸಲು ಒಪ್ಪಲಿಲ್ಲ. ಜ್ಯೂರಿಯಿಲ್ಲದ ತೀರ್ಪುಗಳೆಲ್ಲ ಶೂನ್ಯವಾಗಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ.